ಮೊದಲೇ ಸತ್ತವನು ಹೇಳಿದ ನಾಲ್ಕು ಕಥೆಗಳು

ಥಿಯೇಟರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ಕೊರಟಗೆರೆಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಈಗ ಅವರ ಕೆಲಸದಲ್ಲಿ ಹೊಗೆಯಿಲ್ಲ, ಬೆವರಿಲ್ಲ. ಗುಂಡಿ ಒತ್ತಿದರೆ ಪಿಕ್ಚರ್ ಶುರುವಾಗುತ್ತದೆ, ಮುಗಿಯುವ ಹೊತ್ತಿಗೆ ತಾನಾಗಿಯೇ ಮುಗಿಯುತ್ತದೆ. ನನಗೆ ಅದರಲ್ಲಿ ಹೊಟ್ಟೆಕಿಚ್ಚೇನಿಲ್ಲ, ಒಳ್ಳೆಯದೇ ಆಯಿತು. ಆದರೆ "ನಿಮ್ಮ ಕಾಲದಾಗೆ ಹೆಂಗಿತ್ತು ತಾತ?" ಎಂದು ಅವರು ಕೇಳಿದಾಗ, ಯಾವಾಗ ಅಸಿಸ್ಟೆಂಟ್ ಆದೆ, ಯಾವಾಗ ಹೆಡ್ ಆಪರೇಟರ್ ಆದೆ ಅಂತೆಲ್ಲ ಹೇಳಲು ನನಗೇ ಬೇಜಾರು. ಕೇಳುವವರಿಗೂ ಆಕಳಿಕೆ ಬರುತ್ತದೆ. ಅದಕ್ಕೇ ನಾನು ದೆವ್ವದ ಪಿಕ್ಚರಿನ ವಿಷಯ ತೆಗೆಯುತ್ತೇನೆ. ನನ್ನ ಕೆಲಸದ ಬದುಕಿನಲ್ಲಿ ಏನಾದರೂ ಕಲಿತಿದ್ದರೆ ಅದನ್ನು ದೆವ್ವಗಳಿಂದಲೇ ಕಲಿತಿದ್ದು.

ನಮ್ಮದು ಟೂರಿಂಗ್ ಟಾಕೀಸು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳೇ ನಮ್ಮ ಸೀಮೆ. ಒಂದು ಊರಿನಲ್ಲಿ ಲೈಸೆನ್ಸಿನ ಅವಧಿ ಮುಗಿದರೆ ಟೆಂಟು ಬಿಚ್ಚಿ, ಕಂಬ, ಪರದೆ, ಬೆಂಚು, ಆಯಿಲ್ ಇಂಜಿನ್ ಎಲ್ಲವನ್ನೂ ಲಾರಿಗೆ ಹೇರಿಕೊಂಡು ಇನ್ನೊಂದು ಊರಿಗೆ ಹೋಗುತ್ತಿದ್ದೆವು. ಮುಂದೆ ನೆಲ, ನಡುವೆ ಬೆಂಚು, ಹಿಂದೆ ಕುರ್ಚಿ. ನೆಲದಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಹಗ್ಗ. ಅದರಾಚೆ ಹೆಂಗಸರ ಗೇಟಿನಲ್ಲಿ ಹನುಮಕ್ಕ ಕೂತಿರುತ್ತಿದ್ದಳು. ಅವಳ ಬಾಯಿಗೆ ಹೆದರದ ಗಂಡಸು ನಮ್ಮ ಟೆಂಟಿನೊಳಗೆ ಯಾವತ್ತೂ ಕಾಲಿಟ್ಟಿಲ್ಲ.

ಟೆಂಟಿನ ಯಜಮಾನರು ಮರುಳಪ್ಪನವರು, ಮಧುಗಿರಿಯಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದವರು. ಹಣೆಯ ತುಂಬ ವಿಭೂತಿ, ಮುಖದ ಮೇಲೆ ನಗುವೆಂಬುದು ಇಲ್ಲ. ನಾನು ಸೇರುವುದಕ್ಕೆ ಮುಂಚೆ ಒಬ್ಬ ಆಪರೇಟರ್ ರೀಲು ಸುಟ್ಟನೆಂದು ಅದೇ ದಿನ, ಒಂದು ಮಾತೂ ಕೇಳದೆ ಅವನ ಟ್ರಂಕನ್ನು ರಸ್ತೆಗೆ ಇಡಿಸಿದ್ದರಂತೆ. ಈ ಕಥೆಯನ್ನು ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಟೆಂಟಿನವರು ಮೊದಲ ದಿನವೇ ಹೇಳುತ್ತಿದ್ದರು. ನನಗೂ ಹೇಳಿದರು.

ನನಗೆ ಹೇಳಿದವರು ಇಮಾಮ್ ಸಾಬ್, ಹೆಡ್ ಆಪರೇಟರ್. ಸಿರಾದವರು. ನಾನು ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದೆ. ನಾನು ಕುರಿ ಕಾಯುವ ಮನೆಯಿಂದ ಬಂದವನು, ಸಿನಿಮಾ ಎಂದರೆ ಪರದೆಯ ಹಿಂದೆ ಜನ ಇರುತ್ತಾರೆ ಎಂದುಕೊಂಡಿದ್ದವನು. ಮೊದಲ ದಿನವೇ ಹುರಿದ ಕಡಲೆಕಾಯಿ ತಿನ್ನುತ್ತಾ ಫಿಲ್ಮ್ ಮುಟ್ಟಿಬಿಟ್ಟೆ. ಉಸ್ತಾದ್ ನನ್ನ ಕಿವಿ ಹಿಡಿದು ಕ್ಯಾಬಿನ್ನಿನಿಂದ ಆಚೆ ದಬ್ಬಿದರು.

"ಎಣ್ಣೆ ಕೈಲಿ ಫಿಲ್ಮ್ ಮುಟ್ತೀಯೇನಲೇ? ಹೀರೋಯಿನ್ ಮಖದ ಮ್ಯಾಲೆ ನಿನ್ನ ಹೆಬ್ಬೆಟ್ಟು ಕಾಣ್ತದೆ, ಗೊತ್ತಾ? ಕೈ ತೊಳ್ಕಂಬಾ ಹೋಗು. ಬೂದಿ ಹಾಕಿ ತೊಳಿ!"

ಕೈ ತೊಳೆದು ಬಂದ ಮೇಲೆ ಟೀ ತರಿಸಿಕೊಟ್ಟರು. ಹಾಗಿತ್ತು ಅವರ ಸ್ವಭಾವ. ಕ್ಯಾಬಿನ್ ಎಂದರೆ ತಗಡಿನ ಗೂಡು. ಅದರೊಳಗೆ ಎರಡು ಕಾರ್ಬನ್ ಕಡ್ಡಿಗಳ ತುದಿಯನ್ನು ಹತ್ತಿರ ತಂದರೆ ಕಣ್ಣು ಕುಕ್ಕುವ ಬೆಳಕು ಹತ್ತಿಕೊಳ್ಳುತ್ತಿತ್ತು. ಆ ಬೆಳಕೇ ಪರದೆಯ ಮೇಲಿನ ಪಿಕ್ಚರ್. ಕಡ್ಡಿಗಳು ಉರಿದು ಸವೆಯುತ್ತಾ ಹೋದಂತೆ ತಿರುಪು ತಿರುಗಿಸಿ ಮತ್ತೆ ಹತ್ತಿರ ತರುತ್ತಿರಬೇಕು. ಸ್ವಲ್ಪ ಮೈಮರೆತರೆ ಪರದೆ ಹಳದಿಯಾಗಿ, ಆಮೇಲೆ ಕತ್ತಲಾಗಿ, ಜನ ಶಿಳ್ಳೆ ಹೊಡೆಯುತ್ತಿದ್ದರು. ಹಾಗಾಗಿ ಆಪರೇಟರ್ ಆದವನಿಗೆ ಪಿಕ್ಚರ್ ನೋಡುವ ಪುರುಸೊತ್ತೇ ಇಲ್ಲ. ಉಸ್ತಾದ್ ಜೀವಮಾನವೆಲ್ಲ ಕಡ್ಡಿ ನೋಡಿದವರು. ಆ ಬೆಳಕೇ ಅವರ ಕಣ್ಣು ತಿಂದಿತೆಂದು ನಾನು ಈಗಲೂ ನಂಬಿದ್ದೇನೆ, ಡಾಕ್ಟರು ಮಾತ್ರ ಬೇರೆ ಏನೋ ಹೇಳಿದರು.

ಎಡವಟ್ಟುಗಳಿಗೇನು ಕಡಿಮೆಯೇ? ಒಮ್ಮೆ ಫಿಲ್ಮ್ ತಿರುಗುಮುರುಗಾಗಿ ಹಾಕಿ, ಮದುವೆ ಮೆರವಣಿಗೆಯೆಲ್ಲ ತಲೆ ಕೆಳಗಾಗಿ ಹೋಗುವಂತೆ ಮಾಡಿದೆ. ಕೊರಟಗೆರೆ ಕ್ಯಾಂಪಿನಲ್ಲಿ ದೆವ್ವದ ಪಿಕ್ಚರ್ ಓಡುತ್ತಿದ್ದಾಗ ಯಾರದೋ ಕುರಿಹಿಂಡು ಪರದೆಯ ಕೆಳಗಿನಿಂದ ನುಗ್ಗಿ ಬಂತು. ಪರದೆಯ ಮೇಲೆ ಸ್ಮಶಾನ, ಕೆಳಗಿನಿಂದ ಬಿಳಿ ಬಿಳಿಯಾಗಿ ಏನೋ ಬ್ಯಾ ಎನ್ನುತ್ತಾ ಬರುತ್ತಿದೆ. ನೆಲದ ಜನ ಬೆಂಚಿನವರ ಮೇಲೆ, ಬೆಂಚಿನವರು ಕುರ್ಚಿಯವರ ಮೇಲೆ ಬಿದ್ದರು. ಕುರಿ ಎಂದು ಗೊತ್ತಾದ ಮೇಲೆ ಎಷ್ಟು ನಕ್ಕರೆಂದರೆ ಮುಂದಿನ ರೀಲಿನ ಡೈಲಾಗು ಯಾರಿಗೂ ಕೇಳಿಸಲಿಲ್ಲ. ಹೆದರಿದವರೇ ಹೆಚ್ಚು ನಗುತ್ತಾರೆ ಎಂದು ನಾನು ಮೊದಲು ಗಮನಿಸಿದ್ದು ಅವತ್ತು.

ನಮ್ಮ ಕಡೆಯ ಜನಕ್ಕೆ ದೆವ್ವ ಹೊಸದಲ್ಲ. ಬೇಲಿಯ ಹುಣಸೆಮರದಲ್ಲಿ ಒಂದಿದ್ದರೆ ಅದನ್ನು ಬೈದುಕೊಂಡೇ ದಾಟಿ ಹೋಗುವವರು. ಪರದೆಯ ಮೇಲೆ ಬಿಳಿ ಸೀರೆ ಕಂಡರೆ ಹನುಮಕ್ಕ ಗೇಟಿನಿಂದಲೇ ಗದರುತ್ತಿದ್ದಳು, "ಏ ಮುಂಡೇದೆ, ಅತ್ಲಾಗೆ ಹೋಗು! ಗಂಡನ ಮನೇಲಿ ಬಾಳಕ್ಕಾಗ್ದೆ ಇಲ್ಲಿಗ್ ಬಂದವ್ಳೆ." ಆಗ ಬರುತ್ತಿದ್ದ ದೆವ್ವದ ಪಿಕ್ಚರ್‌ಗಳೂ ಹಾಗೆಯೇ ಇದ್ದವು. ಒಂದೇ ದೆವ್ವವನ್ನು ಮೂರು ಗಂಟೆ ಎಳೆಯುತ್ತಿದ್ದರು. ಅದಕ್ಕೆ ನಡುನಡುವೆ ಹಾಡು, ಕಣ್ಣೀರು, ಕೊನೆಗೆ ಒಬ್ಬ ಮಂತ್ರವಾದಿ. ಅರ್ಧ ದಾರಿಯಲ್ಲಿ ಜನಕ್ಕೆ ದೆವ್ವದ ಮೇಲೆಯೇ ಕನಿಕರ ಬಂದು ಬೀಡಿ ಸೇದಲು ಎದ್ದು ಹೋಗುತ್ತಿದ್ದರು.

ಹೀಗಿರುವಾಗ, ಎಂಬತ್ತರ ದಶಕ ಶುರುವಾದ ಮೇಲೆ, ನಮಗೆ ಒಂದು ತೆಲುಗು ಪಿಕ್ಚರ್ ಸಿಕ್ಕಿತು. ಅದರ ನಿಜವಾದ ಹೆಸರು ನಮ್ಮ ಬಾಯಲ್ಲಿ ಯಾವತ್ತೂ ನಿಲ್ಲಲಿಲ್ಲ. ನಾವೂ ಜನರೂ 'ನಾಲ್ಕು ದೆವ್ವದ ಪಿಕ್ಚರ್' ಎಂದೇ ಕರೆದೆವು. ಮಕ್ಕಳ ಮಾಸಪತ್ರಿಕೆಗಳಲ್ಲಿ ಚಿತ್ರಕಥೆ ಬರುತ್ತದಲ್ಲ, ಚೌಕ ಚೌಕವಾಗಿ ಬಣ್ಣದ ಚಿತ್ರ, ಬಾಯಿಂದ ಹೊರಟ ಗುಳ್ಳೆಯಲ್ಲಿ ಮಾತು, ಹಾಗೇ ಶುರುವಾಗುತ್ತಿತ್ತು. ಬೊಕ್ಕುಬಾಯಿಯ ಒಬ್ಬ ಮುದುಕ ಹಳೆಯ ಪುಸ್ತಕದ ಅಂಗಡಿಯಲ್ಲಿ ಕೂತು ಚಿತ್ರದ ಪುಸ್ತಕ ತೆರೆಯುತ್ತಾನೆ, ಹಿಹಿಹಿ ಎಂದು ನಗುತ್ತಾನೆ, ಪುಟದ ಮೇಲಿನ ಚಿತ್ರ ಅಲ್ಲಾಡಿ ಜೀವ ತಳೆದು ಕಥೆ ಶುರು. ಒಂದು ಕಥೆ ಮುಗಿದ ಮೇಲೆ ಮತ್ತೆ ಮುದುಕ, ಮತ್ತೆ ಹಿಹಿಹಿ, ಇನ್ನೊಂದು ಪುಟ.

ಅಣ್ಣನನ್ನು ಬಾವಿಗೆ ತಳ್ಳಿದ ತಮ್ಮನದು ಒಂದು ಕಥೆ. ನಡುಮಧ್ಯಾಹ್ನ ಯಾರೂ ಇಲ್ಲದಾಗ ರಾಟೆ ತಾನಾಗಿ ತಿರುಗಿ, ಮೇಲೆ ಬಂದ ಕೊಡದ ಕಂಠಕ್ಕೆ ಅಣ್ಣನ ರುಮಾಲು ಸುತ್ತಿರುತ್ತದೆ. ಹೆಣದ ಮೇಲಿನ ಹೊಸ ಬಟ್ಟೆ ಕದ್ದು ಹೊಲಿದು ಮಾರುವ ದರ್ಜಿಯದು ಇನ್ನೊಂದು. ಆ ಬಟ್ಟೆಗಳು ಅವನ ಮೈಗೇ ಅಂಟಿಕೊಂಡು ಬಿಗಿಯುತ್ತಾ ಹೋಗುತ್ತವೆ. ಕಾಗೆಗೆ ಇಟ್ಟ ಎಡೆಯನ್ನೇ ಕದ್ದು ತಿನ್ನುವ ಹೊಟ್ಟೆಬಾಕನಿಗೆ ಕಾಗೆಗಳು ಬುದ್ಧಿ ಕಲಿಸುವುದು ಮೂರನೆಯದು. ಬಣ್ಣದ ನೀರನ್ನು ಔಷಧಿ ಎಂದು ಕೊಟ್ಟ ಡಾಕ್ಟರನ ಮನೆ ಮುಂದೆ ಸತ್ತ ರೋಗಿಗಳೆಲ್ಲ ಚೀಟಿ ಹಿಡಿದು ಶಿಸ್ತಾಗಿ ಸಾಲು ನಿಲ್ಲುವುದು ಕೊನೆಯದು.

ಕಾಗೆಗೆ ಕಟ್ಟಿದ ದಾರ ಎಲ್ಲರಿಗೂ ಕಾಣಿಸುತ್ತಿತ್ತು. "ದಾರ ಕಣ್ಲಾ, ದಾರ!" ಎಂದು ಬೆರಳು ತೋರಿಸಿದವನೇ ಮರುಕ್ಷಣ ಕಿಟಾರನೆ ಕಿರುಚುತ್ತಿದ್ದ. ಅದರ ಸೊಗಸೇ ಅದು. ಅದು ಸುಳ್ಳು ಎಂದು ಪಿಕ್ಚರಿಗೂ ಗೊತ್ತು, ನಮಗೂ ಗೊತ್ತು, ಇಬ್ಬರೂ ಸೇರಿಕೊಂಡು ಆಡುವ ಆಟ. ಇನ್ನೊಂದು ವಿಷಯವೂ ಇತ್ತು. ಪಾಪ ಮಾಡಿದವನಿಗೆ ಅರ್ಧ ಗಂಟೆಯೊಳಗೆ ತಕ್ಕ ಶಾಸ್ತಿ ಆಗಿಬಿಡುತ್ತಿತ್ತು. ಕೋರ್ಟು ಕಚೇರಿ ಅಲೆದು ಚಪ್ಪಲಿ ಸವೆಸುವ ಜನಕ್ಕೆ ಅದಕ್ಕಿಂತ ತೃಪ್ತಿ ಬೇರೇನು ಬೇಕು? ನಮಗೆ ಆಪರೇಟರುಗಳಿಗೂ ಅದು ವರವೇ. ನಮ್ಮ ಹತ್ತಿರ ಇದ್ದದ್ದು ಒಂದೇ ಮಿಷಿನ್ನು, ಸುತ್ತು, ಅಂದರೆ ರೀಲು, ಬದಲಾಯಿಸುವಾಗ ಪಿಕ್ಚರ್ ನಿಲ್ಲಲೇಬೇಕು. ಬೇರೆ ಪಿಕ್ಚರಿನಲ್ಲಿ ಹೀರೋ ಬಾಯಿ ತೆರೆದಾಗಲೇ ನಿಂತು ಬೈಗುಳ ತಿನ್ನುತ್ತಿದ್ದೆವು. ಇದರಲ್ಲಿ ಮಾತ್ರ ಒಂದು ಕಥೆ ಮುಗಿದು, ಲೈಟು ಹತ್ತಿ, ಜನ ಕಡಲೆಕಾಯಿ ಕೊಂಡು, ಪಕ್ಕದವನ ಹೆದರಿಕೆಯನ್ನು ಆಡಿಕೊಂಡು, ಮತ್ತೆ ಕೂರುವಷ್ಟರಲ್ಲಿ ಇನ್ನೊಂದು ಕಥೆ ತಯಾರು.

ಕೊನೆಯಲ್ಲಿ ಒಂದು ಚಿಕ್ಕ ಸುತ್ತು ಇತ್ತು. ಅದರಲ್ಲಿ ಮುದುಕ ಕಡೆಯ ಪುಟ ತಿರುಗಿಸಿದರೆ ಅಲ್ಲಿ ಅವನದೇ ಚಿತ್ರ. ಪುಸ್ತಕದಿಂದ ಕೈ ಬಂದು ಅವನನ್ನು ಒಳಗೆ ಎಳೆದುಕೊಳ್ಳುತ್ತದೆ, ಕುರ್ಚಿಯ ಮೇಲೆ ಅವನ ಟೋಪಿ ಹಾಕಿಕೊಂಡ ಎಲುಬುಗೂಡು ಮಾತ್ರ ಉಳಿಯುತ್ತದೆ. ಶುಭಂ. ನಾನು ಹೇಳಹೊರಟಿರುವುದೆಲ್ಲ ಆ ಚಿಕ್ಕ ಸುತ್ತಿನಿಂದ ಆದದ್ದು.

ಆ ಹೊತ್ತಿಗೆ ಉಸ್ತಾದರ ಕಣ್ಣು ಹೋಗುತ್ತಿತ್ತು. ಮೊದಮೊದಲು "ಕ್ಯಾಬಿನ್ನಾಗೆ ಹೊಗೆ ತುಂಬೈತೇನೋ?" ಎನ್ನುತ್ತಿದ್ದರು. ಹೊಗೆ ಇರುತ್ತಿರಲಿಲ್ಲ. ಆಮೇಲೆ ಫೋಕಸ್ ನೋಡುವ ಕೆಲಸ ನನಗೆ ಬಿಟ್ಟರು. ಫಿಲ್ಮನ್ನು ಬೆರಳಿನ ಲೆಕ್ಕದಲ್ಲೇ ಮಿಷಿನ್ನಿಗೆ ಏರಿಸುತ್ತಿದ್ದರು, ಅದರಲ್ಲಿ ಮಾತ್ರ ನನಗಿಂತ ಚುರುಕು. ಈ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಯಜಮಾನರಿಗೆ ಗೊತ್ತಾದರೆ ಅವರ ಟ್ರಂಕೂ ರಸ್ತೆಗೇ. ಹೆಂಡತಿ ತೀರಿಹೋಗಿದ್ದಳು, ಮಗಳು ಹಿಂದೂಪುರದಲ್ಲಿ ಗಂಡನ ಮನೆಯಲ್ಲಿದ್ದಳು. ಉಸ್ತಾದರಿಗೆ ಆ ತಗಡಿನ ಗೂಡು ಬಿಟ್ಟರೆ ಬೇರೆ ಮನೆಯಿರಲಿಲ್ಲ.

ಪಾವಗಡದಲ್ಲಿ ಪಿಕ್ಚರ್ ಶುರುವಾಗುವ ದಿನ ಕಾರ್ಬನ್ ಕಡ್ಡಿ ಮುಗಿಯುತ್ತಾ ಬಂದಿತ್ತು. ತರಲು ನಾನು ಹಿಂದೂಪುರಕ್ಕೆ ಹೋದೆ. ಬರುವಾಗ ಬಸ್ಸು ಕೆಟ್ಟು ನಿಂತಿತು. ಇತ್ತ ಪ್ರಿಂಟಿನ ಪೆಟ್ಟಿಗೆ ಗಡಿಯಾಚೆಯ ಟಾಕೀಸಿನಿಂದ ಬಂದಿತ್ತು. ನಮ್ಮಲ್ಲಿ ಪೆಟ್ಟಿಗೆ ಜೋಡಿಸುವುದಕ್ಕೆ ಒಂದು ಕ್ರಮ ಇತ್ತು. ಆಟ ಮುಗಿದ ಮೇಲೆ ಮೊದಲ ಸುತ್ತಿನ ಡಬ್ಬ ಮೇಲೆ ಬರುವಂತೆ ಇಡುತ್ತಿದ್ದೆವು, ಅದರ ಮೇಲೆ ಸರ್ಕಾರದ ನ್ಯೂಸ್ ರೀಲಿನ ಚಿಕ್ಕ ಡಬ್ಬ. ಅಣೆಕಟ್ಟೆ, ಮಂತ್ರಿಗಳ ಭಾಷಣ, ಪ್ರವಾಹ ಇವೆಲ್ಲ ಇರುವ ಆ ನ್ಯೂಸ್ ರೀಲನ್ನು ಪಿಕ್ಚರಿಗೆ ಮುಂಚೆ ತೋರಿಸುವುದು ಕಡ್ಡಾಯವಾಗಿತ್ತು. ಗಡಿಯಾಚೆಯವರು ಅಷ್ಟೆಲ್ಲ ಗಮನ ಕೊಡುವವರಲ್ಲ. ಆಟ ಮುಗಿದಂತೆ ಒಂದರ ಮೇಲೊಂದು ಪೇರಿಸಿ, ಕೊನೆಯ ಚಿಕ್ಕ ಸುತ್ತನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಕಳಿಸಿದ್ದರು. ಮಿಕ್ಕವನ್ನು ಉಸ್ತಾದ್ ಮುಟ್ಟುವ ಮುಂಚೆಯೇ ಟೆಂಟಿನವರು ನಂಬರು ನೋಡಿ ಜೋಡಿಸಿದ್ದರು, ಮೇಲಿನ ಚಿಕ್ಕದನ್ನು ಮಾತ್ರ ನ್ಯೂಸ್ ರೀಲ್ ಇರಬೇಕೆಂದು ಹಾಗೇ ಬಿಟ್ಟಿದ್ದರು. ಉಸ್ತಾದ್ ಕೈಯಾಡಿಸಿದರು. ಮೇಲೊಂದು ಚಿಕ್ಕ ಡಬ್ಬ, ಕೆಳಗೆ ದೊಡ್ಡವು. ಸರಿಯಾಗಿದೆ ಎಂದುಕೊಂಡರು. ಡಬ್ಬದ ಮೇಲಿನ ಚೀಟಿ ಅವರಿಗೆ ಕಾಣಿಸುವಂತಿರಲಿಲ್ಲ.

ನಾನು ಏದುಸಿರು ಬಿಡುತ್ತಾ ಕ್ಯಾಬಿನ್ನಿಗೆ ಬಂದಾಗ ಮೊದಲ ಕಥೆ ಮುಗಿದು ಲೈಟು ಹತ್ತಿತ್ತು. ಉಸ್ತಾದ್ ಪೆಟ್ಟಿಗೆಯ ಮೇಲೆ ಕೂತಿದ್ದರು.

"ಬೇಟಾ, ಎಡವಟ್ಟಾಗೋಯ್ತು. ನ್ಯೂಸ್ ರೀಲ್ ಅಂತ ಹಾಕಿದ್ನಲ್ಲ, ಅದು ನ್ಯೂಸ್ ರೀಲ್ ಅಲ್ಲ. ಭಾಷಣ ಬರ್ಲಿಲ್ಲ, ಯಾವನೋ ನಗ್ತಾ ಇದ್ದ."

ನಾನು ಡಬ್ಬ ನೋಡಿ ಹಣೆ ಚಚ್ಚಿಕೊಂಡೆ. ಕಥೆ ಹೇಳುವ ಮುದುಕ ಪಿಕ್ಚರ್ ಶುರುವಾಗುವುದಕ್ಕೆ ಮೊದಲೇ ಸತ್ತು, ಶುಭಂ ಎಂದು ಬಿದ್ದು, ಆಮೇಲೆ ಸೆನ್ಸಾರ್ ಸರ್ಟಿಫಿಕೇಟು, ಹೆಸರುಗಳು, ಆಮೇಲೆ ಅದೇ ಮುದುಕ ಹಿಹಿಹಿ ಎನ್ನುತ್ತಾ ಪುಸ್ತಕ ತೆರೆದಿದ್ದಾನೆ.

"ಜನ ಏನಂತವ್ರೆ, ಹೋಗಿ ನೋಡ್ಕಂಡು ಬಾ," ಎಂದರು ಉಸ್ತಾದ್. "ಹೊಡೆಯಕ್ಕೆ ಬಂದ್ರೆ ಮೊದ್ಲು ನಂಗೆ ಹೇಳು."

ನಾನು ನೆಲದ ಹತ್ತಿರ ಹೋಗಿ ನಿಂತೆ. ಯಾರೂ ಸಿಟ್ಟಿನಲ್ಲಿರಲಿಲ್ಲ. ಓಬುಳೇಶ ಎಂಬ ದರ್ಜಿ, ಪಾವಗಡದ ಪೇಟೆಯಲ್ಲಿ ಅಂಗಡಿ ಇಟ್ಟಿದ್ದವನು, ತನ್ನ ಸುತ್ತ ಗುಂಪು ಕಟ್ಟಿಕೊಂಡು ವಿವರಿಸುತ್ತಿದ್ದ. ಅರ್ಧ ತೆಲುಗು, ಅರ್ಧ ಕನ್ನಡ.

"ಲೇ, ಸೂಡ್ರಾ! ಆ ಮುಸಲೋಡು ಆಗ್ಲೇ ಚಚ್ಚಿಪೋಯಿನಾಡು, ಸತ್ತೋದ. ನಾವೇ ನೋಡ್ಲಿಲ್ವಾ, ಎಲುಬು ಮಾತ್ರ ಉಳೀತು. ಈಗ ಕಥೆ ಹೇಳ್ತಾ ಇರೋದು ಯಾರು? ಸತ್ತೋನೇ ಕೂತ್ಕಂಡು ಹೇಳ್ತಾವ್ನೆ ಕಣ್ಲಾ!"

ಕೇಳುತ್ತಿದ್ದವರು ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಮುಂದಿನ ಕಥೆಯ ಮೊದಲು ಮುದುಕ ಹಲ್ಲಿಲ್ಲದ ಬಾಯಿ ತೆರೆದದ್ದೇ ತಡ, ಟೆಂಟಿಗೆ ಟೆಂಟೇ ಕೂಗಿತು. ಬರಿಯ ನಗುವಿಗೆ ಅಂಥ ಕೂಗು! ಕಡೆಗೆ ಡಾಕ್ಟರನ ಕಥೆ ಮುಗಿದು ಲೈಟು ಹತ್ತಿದಾಗ ಶುಭಂ ಬರಲಿಲ್ಲ. ಶುಭಂ ಬರದ ಪಿಕ್ಚರನ್ನು ಅವರು ಕಂಡಿರಲಿಲ್ಲ. "ಅಂಗಾದ್ರೆ ಮುಗೀಲಿಲ್ಲ, ಅವ್ನು ಇನ್ನೂ ಇಲ್ಲೇ ಎಲ್ಲೋ ಅವ್ನೆ," ಎಂದು ಒಬ್ಬ ಹೇಳಿದ್ದೇ, ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಾ, ಹಿಂದೆ ತಿರುಗಿ ನೋಡುತ್ತಾ ಮನೆಗೆ ಹೋದರು.

ಮಾರನೆಯ ದಿನ ಸರಿಪಡಿಸೋಣವೆಂದರೆ ಸಾಧ್ಯವಾಗಲಿಲ್ಲ. ನಿಡುಗಲ್ಲಿನಿಂದ ಗಾಡಿ ಕಟ್ಟಿಕೊಂಡು ಬಂದವರು ಟಿಕೆಟ್ ಕೊಳ್ಳುವಾಗಲೇ "ಮೊದ್ಲು ಸತ್ತು ಆಮೇಲೆ ಕಥೆ ಹೇಳ್ತಾನಂತಲ್ಲ, ಅದೇ ಪಿಕ್ಚರ್ ತಾನೇ?" ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಪಾವಗಡದಲ್ಲಿ ಪಿಕ್ಚರ್ ಇದ್ದಷ್ಟು ದಿನವೂ ಮುದುಕ ಮೊದಲೇ ಸತ್ತ.

ಅಲ್ಲಿಂದ ಸಿರಾಕ್ಕೆ ಬಂದೆವು. ಸಿರಾ ದೊಡ್ಡ ಊರು, ಯಜಮಾನರು ಖುದ್ದಾಗಿ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಹೆದರಿಕೊಂಡು ನಾನು ಸುತ್ತುಗಳನ್ನು ಸರಿಯಾದ ಕ್ರಮದಲ್ಲೇ ಹಾಕಿದೆ. ಜನ ನೋಡಿದರು, ಅಲ್ಲಲ್ಲಿ ಕೂಗಿದರು, ಶುಭಂ ಬಂತು, ಎದ್ದು ಹೋದರು. ಮಾರನೆಯ ಬೆಳಿಗ್ಗೆ ಯಜಮಾನರು ಟೆಂಟಿನ ಮುಂದೆ ಕಾಫಿ ಕುಡಿಯುತ್ತಿದ್ದಾಗ ಓಬುಳೇಶ ಬಂದು ನಿಂತ. ಬಟ್ಟೆ ತರಲು ಸಿರಾಕ್ಕೆ ಬಂದವನು ಹಿಂದಿನ ದಿನ ಇನ್ನೊಮ್ಮೆ ಪಿಕ್ಚರ್ ನೋಡಿದ್ದ.

"ಯಜಮಾನ್ರೇ, ಇದು ಅನ್ಯಾಯ ಅಲ್ವಾ? ಪಾವಗಡದಾಗೆ ಎಂಥಾ ಪಿಕ್ಚರ್ ತೋರ್ಸಿದ್ರಿ! ಇಲ್ಲಿ ಯಾರೋ ಅದನ್ನ ಕೆಡ್ಸಿಬುಟ್ಟವ್ರೆ."

"ಏನಪ್ಪಾ ಕೆಡಿಸಿರೋದು?"

"ಮೊದ್ಲು ಸಾಯ್ಬೇಕಾದೋನು ಕೊನೇಲಿ ಸಾಯ್ತಾನೆ. ಬದುಕಿರೋ ಮುದುಕ ಕಥೆ ಹೇಳಿದ್ರೆ ಯಾರಿಗೆ ಸ್ವಾಮಿ ಭಯ ಆಗ್ತದೆ? ಅಂಥೋರು ನಮ್ಮೂರ ಅರಳಿಕಟ್ಟೆ ತುಂಬಾ ಅವ್ರೆ!"

ಯಜಮಾನರು ಲೋಟ ಕೆಳಗಿಟ್ಟರು. ಅವರು ಮಂಡಿ ನಡೆಸುವವರು, ಒಂದು ಮಾತಿನಿಂದ ಇಡೀ ವ್ಯವಹಾರ ಅರ್ಥವಾಗುತ್ತಿತ್ತು. ಓಬುಳೇಶನನ್ನು ಕಳಿಸಿ ನಮ್ಮಿಬ್ಬರನ್ನೂ ಕರೆದರು.

"ಪಾವಗಡದಲ್ಲಿ ಕಡೆ ಸುತ್ತು ಮೊದಲು ಹಾಕಿದ್ದು ಯಾರು?"

"ನಾನೇ ಯಜಮಾನ್ರೆ," ಎಂದೆ. ಬಾಯಿಗೆ ಅದೇ ಬಂತು.

ಉಸ್ತಾದ್ ನನ್ನ ತೋಳು ಹಿಡಿದು ಹಿಂದಕ್ಕೆಳೆದರು. "ಸುಳ್ಳು ಬ್ಯಾಡ ಬೇಟಾ. ನೀನು ಹಿಂದೂಪುರದಾಗಿದ್ದೆ. ಯಜಮಾನ್ರೇ, ಹಾಕಿದ್ದು ನಾನು. ಡಬ್ಬದ ಮೇಲಿನ ನಂಬರು ನಂಗೆ ಕಾಣಲ್ಲ. ಈಗ ನಿಮ್ಮ ಮಖಾನೂ ಕಾಣ್ತಿಲ್ಲ. ದನಿ ಎಲ್ಲಿಂದ ಬತ್ತದೋ ಅಲ್ಲಿಗೆ ನೋಡ್ತಾ ಇದೀನಿ."

ಉಸ್ತಾದರ ಟ್ರಂಕು ಎಲ್ಲಿದೆ ಎಂದು ನನ್ನ ಕಣ್ಣು ತಾನಾಗಿಯೇ ಕ್ಯಾಬಿನ್ನಿನ ಕಡೆಗೆ ಹೋಯಿತು. ಯಜಮಾನರು ನನ್ನ ಕಡೆ ತಿರುಗಿ, "ಈವತ್ತು ಮೊದಲನೇ ಆಟಕ್ಕೆ ಪಾವಗಡದ ಥರಾನೇ ಹಾಕು, ನೋಡಾಣ," ಎಂದರು.

ಹಾಕಿದೆ. ಎಲುಬುಗೂಡಾಗಿ ಹೋದ ಮುದುಕ ಮತ್ತೆ ಬಂದು ಹಿಹಿಹಿ ಎಂದಾಗ ಕುರ್ಚಿಯ ಸಾಲಿನಿಂದ ಒಂದು ಸದ್ದು ಬಂತು. ಮೊದಲು ಯಾರೋ ಕೆಮ್ಮುತ್ತಿದ್ದಾರೆ ಎಂದುಕೊಂಡೆ. ಮರುಳಪ್ಪನವರು ಮೇಲಿನ ವಸ್ತ್ರವನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಡಾಕ್ಟರನ ಮನೆ ಮುಂದೆ ಹೆಣಗಳು ಚೀಟಿ ಹಿಡಿದು ನಿಂತಾಗ ವಸ್ತ್ರವೂ ಸಾಕಾಗಲಿಲ್ಲ. ಆ ಮನುಷ್ಯನಿಗೂ ಇಷ್ಟೊಂದು ನಗು ಒಳಗಿತ್ತು ಎಂದು ಕಂಡು ನನಗೆ ಅವರ ಮೇಲಿದ್ದ ಅರ್ಧ ಹೆದರಿಕೆ ಹೋಯಿತು.

ಆಮೇಲೆ ಅವರೇ ಉಸ್ತಾದರನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಕಣ್ಣಿನ ಹಿಂದಿನ ನರ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದರಂತೆ. ವಾಪಸು ಬಂದ ಮೇಲೆ ಯಜಮಾನರು ನಮ್ಮೆಲ್ಲರ ಮುಂದೆಯೇ ಹೇಳಿದರು, "ಸಾಬ್ರೇ, ಇನ್ನು ಮಿಷಿನ್ ಮುಟ್ಟಬೇಡಿ. ಅದು ಬೆಂಕಿ ಜೊತೆ ಕೆಲಸ, ಜನ ಇರ್ತಾರೆ. ಆದ್ರೆ ನೀವು ಹೊರಡಿ ಅಂತ ನಾನು ಹೇಳಲ್ಲ. ಟೆಂಟು ಇರೋವರೆಗೂ ನಿಮ್ಮ ಊಟ, ನಿಮ್ಮ ಹಾಸಿಗೆ ಇಲ್ಲೇ." ನಾನು ಆ ಮನುಷ್ಯನ ಹತ್ತಿರ ಕೆಲಸ ಮಾಡಿದೆ ಎಂಬುದು ನನಗೆ ಇವತ್ತಿಗೂ ಹೆಮ್ಮೆ.

ಆದರೆ ಊಟ, ಹಾಸಿಗೆ ಸಿಕ್ಕಿದ ಮಾತ್ರಕ್ಕೆ ಆಗುತ್ತದೆಯೇ? ಉಸ್ತಾದ್ ಕ್ಯಾಬಿನ್ನಿನ ಹೊರಗೆ ತಗಡಿಗೆ ಒರಗಿ ಕೂರುತ್ತಿದ್ದರು. ಮಿಷಿನ್ನಿನ ಸದ್ದು ಕೇಳಿ "ಬೆಲ್ಟು ಸಡಿಲ ಆಗೈತೆ" ಎನ್ನುತ್ತಿದ್ದರು. ಬರಬರುತ್ತಾ ಅದನ್ನೂ ಬಿಟ್ಟರು. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಸರಿಸುತ್ತಿದ್ದರು. ಕೆಲಸವಿಲ್ಲದವನಿಗೆ ಊಟ ಯಾಕೆ ಎನ್ನುವುದೊಂದೇ ಮಾತು. ಟೆಂಟು ಚನ್ನರಾಯನದುರ್ಗಕ್ಕೆ ಬಂದಾಗ ಟ್ರಂಕಿಗೆ ತಾವೇ ಹಗ್ಗ ಬಿಗಿದು, ನಾಳೆ ಬೆಳಿಗ್ಗೆ ಬಸ್ಸು ಹತ್ತಿಸು, ಮಗಳ ಮನೆಗೆ ಹೋಗುತ್ತೇನೆ ಎಂದರು. ಅಳಿಯನಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಅತ್ತುಬಿಟ್ಟೆ, ಅದಕ್ಕೂ ಜಗ್ಗಲಿಲ್ಲ.

ಹನುಮಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು.

"ಹೋಗೋದಾದ್ರೆ ಹೋಗು ಸಾಬಣ್ಣ, ಯಾರೂ ಕಾಲು ಹಿಡಿಯಾಕಿಲ್ಲ. ಆದ್ರೆ ಹೋಗಕ್ ಮುಂಚೆ ಒಂದ್ಸಲನಾದ್ರೂ ಪಿಚ್ಚರ್ ನೋಡಿ ಹೋಗು."

"ಕಣ್ಣಿಲ್ದೋನು ಏನ್ ನೋಡ್ಲಿ ಅವ್ವಾ?"

"ಕಣ್ಣಿದ್ದಾಗ ಏನ್ ನೋಡ್ದೆ ನೀನು? ಆ ತಗಡಿನ ಗೂಡ್ನಾಗೆ ಕೂತು ಕಡ್ಡಿ ನೋಡ್ದೆ. ಎದ್ದೇಳು."

ಅವರ ಕೈ ಹಿಡಿದು ಎಳೆದುಕೊಂಡೇ ಹೋಗಿ ನೆಲದಲ್ಲಿ, ಹಗ್ಗದ ಪಕ್ಕದಲ್ಲಿ, ಮರಳಿನ ಮೇಲೆ ಕೂರಿಸಿದಳು. ಅವತ್ತು ಓಡುತ್ತಿದ್ದದ್ದು ನಾಲ್ಕು ದೆವ್ವದ ಪಿಕ್ಚರೇ. ಪಕ್ಕದಲ್ಲಿ ಕಂಬಳಿ ಹೊದ್ದ ಒಬ್ಬ ಕುರಿಗಾಹಿ ಕೂತಿದ್ದ. ಸುತ್ತು ತಿರುಗುವಾಗ ನಾನು ಕ್ಯಾಬಿನ್ನಿನ ಕಿಂಡಿಯಿಂದ ಆಗಾಗ ಅತ್ತ ನೋಡಿದೆ. ಕುರಿಗಾಹಿಗೆ ಇವರು ಯಾರೆಂದು ಗೊತ್ತಿಲ್ಲ. ಕಣ್ಣು ಕಾಣುವುದಿಲ್ಲ ಎಂದು ಮಾತ್ರ ತಿಳಿಯಿತೋ ಏನೋ, ಬಗ್ಗಿ ಬಗ್ಗಿ ಅವರ ಕಿವಿಯಲ್ಲಿ ಹೇಳುತ್ತಿದ್ದ. ಮೊದಲ ಎರಡು ಕಥೆಗಳಲ್ಲಿ ಉಸ್ತಾದ್ ಕಲ್ಲಿನ ಹಾಗೆ ಕೂತಿದ್ದರು. ನನಗೆ ಆಸೆ ಬತ್ತಿಹೋಯಿತು.

ಕಾಗೆಯ ಕಥೆ ಬಂತು. ಹೊಟ್ಟೆಬಾಕ ಎಡೆಯ ಎಲೆಯ ಮುಂದೆ ಕೂತು ಬಾಯಿಗೆ ವಡೆ ಇಟ್ಟುಕೊಂಡ. ಹಿಂದಿನ ಗೋಡೆಯ ಮೇಲೆ ಒಂದು ಕಾಗೆ, ಎರಡು ಕಾಗೆ, ಗೋಡೆ ತುಂಬ ಕಾಗೆ. ಆಗ ಆ ಕುರಿಗಾಹಿ ಹೆದರಿ, ತಾನು ಹೊದ್ದಿದ್ದ ಕಂಬಳಿಯನ್ನು ಫಕ್ಕನೆ ಬಿಚ್ಚಿ ತನ್ನ ತಲೆಯ ಮೇಲೂ ಉಸ್ತಾದರ ತಲೆಯ ಮೇಲೂ ಎಳೆದುಕೊಂಡ. ಪರದೆಯ ಬೆಳಕಿನಲ್ಲಿ ನನಗೆ ಕಂಡದ್ದು ಒಂದೇ ಕಂಬಳಿ, ಎರಡು ತಲೆಯ ಉಬ್ಬು. ಕಂಬಳಿ ಅಲುಗಾಡುತ್ತಿತ್ತು. ಅಳುತ್ತಿದ್ದಾರೇನೋ ಎಂದು ನನಗೆ ಗಾಬರಿಯಾಯಿತು. ಅಷ್ಟರಲ್ಲಿ ಒಳಗಿನಿಂದ ಉಸ್ತಾದರ ನಗು ಕೇಳಿಸಿತು, ಎದೆಯಾಳದಿಂದ ಬಂದ, ತಡೆಯಲಾಗದ ನಗು. ನನ್ನನ್ನು ಕಿವಿ ಹಿಡಿದು ದಬ್ಬಿದ ದಿನದಿಂದ ಅಲ್ಲಿಯವರೆಗೆ ಅಂಥ ನಗುವನ್ನು ನಾನು ಅವರಲ್ಲಿ ಕೇಳಿರಲಿಲ್ಲ.

ಆಟ ಮುಗಿದ ಮೇಲೆ ಕುರಿಗಾಹಿ ಕೇಳುತ್ತಿದ್ದ, "ಯಾವೂರು ಸಾಬಣ್ಣ ನಿಮ್ದು? ನಾಳೀಕೂ ಬತ್ತೀರಾ? ನಂಗೆ ಒಬ್ನೇ ಕೂತ್ಕಳಕ್ಕೆ ಭಯ."

"ಬತ್ತೀನಿ," ಎಂದರು ಉಸ್ತಾದ್. "ಕಂಬಳಿ ತತ್ತಾ."

ಮಾರನೆಯ ಬೆಳಿಗ್ಗೆ ಬಸ್ಸು ಬಂತು, ಹೋಯಿತು. ಟ್ರಂಕಿನ ಹಗ್ಗ ಬಿಚ್ಚಿದ್ದು ನಾನು. ಉಸ್ತಾದ್ ತಟ್ಟೆಯಲ್ಲಿದ್ದ ಮುದ್ದೆ ಖಾಲಿ ಮಾಡಿ, ಇನ್ನೊಂದು ಹಾಕಿಸಿಕೊಂಡರು.

ಅಂದಿನಿಂದ ಟೆಂಟು ಯಾವ ಊರಿಗೆ ಹೋದರೂ ಅವರ ಜಾಗ ನೆಲದಲ್ಲಿ, ಜನರ ನಡುವೆ. ಜನಕ್ಕೆ ಎಲ್ಲಿ ಬೇಜಾರಾಯಿತು, ಎಲ್ಲಿ ನಕ್ಕರು ಎಂದು ಉಸ್ತಾದ್ ಬಂದು ಹೇಳುತ್ತಿದ್ದರು. ಯಾವ ಪಿಕ್ಚರ್ ಇನ್ನೊಂದು ವಾರ ಇಡಬೇಕು ಎಂದು ಯಜಮಾನರು ಅವರನ್ನೇ ಕೇಳತೊಡಗಿದರು. ನಾಲ್ಕು ದೆವ್ವದ ಪಿಕ್ಚರ್ ಮಾತ್ರ ಅವರಿಗೆ ಸದ್ದಿನಿಂದಲೇ ಬಾಯಿಪಾಠವಾಗಿತ್ತು. ಕಾಗೆ ಬರುವುದಕ್ಕೆ ಒಂದು ಗಳಿಗೆ ಮುಂಚೆ, ಯಾರಿಗೂ ಏನೂ ಕಾಣುವ ಮೊದಲೇ, ಉಸ್ತಾದ್ ಒಬ್ಬರೇ ಹೋ ಎಂದು ಕೂಗುತ್ತಿದ್ದರು. ಆ ಕೂಗಿಗೆ ಹೆದರಿ ಇಡೀ ಟೆಂಟು ಕೂಗುತ್ತಿತ್ತು. ಆಮೇಲೆ ಕಾಗೆ ಬರುತ್ತಿತ್ತು, ಮತ್ತೆ ಕೂಗು, ಆಮೇಲೆ ನಗು.

ಹುಡುಗರಿಗೆ ನಾನು ಹೇಳುವುದು ಇಷ್ಟೇ. ವಾರಕ್ಕೊಮ್ಮೆಯಾದರೂ ನಿಮ್ಮ ಎಸಿ ರೂಮಿನಿಂದ ಇಳಿದು ಬಂದು ಕತ್ತಲಲ್ಲಿ ಯಾರದೋ ಪಕ್ಕ ಕೂತುಕೊಳ್ಳಿ. ನಾವು ಏನು ತೋರಿಸುತ್ತಿದ್ದೇವೆ ಎಂಬುದು ಅಲ್ಲಿ ಕೂತರೆ ಮಾತ್ರ ತಿಳಿಯುತ್ತದೆ.

ಉಸ್ತಾದ್ ತೀರಿಕೊಂಡದ್ದು ಸಿರಾ ಕ್ಯಾಂಪಿನಲ್ಲಿ, ಟೆಂಟಿನಲ್ಲೇ, ತಮ್ಮ ಹಾಸಿಗೆಯ ಮೇಲೆ. ಅದಾದ ಮೇಲೆ ನಾಲ್ಕು ದೆವ್ವದ ಪಿಕ್ಚರ್ ಇನ್ನೊಮ್ಮೆ ನಮಗೆ ಬಂತು. ಪ್ರಿಂಟು ಗೀಚಿಹೋಗಿತ್ತು, ಆದರೂ ಮಧುಗಿರಿಯಲ್ಲಿ ಟೆಂಟು ತುಂಬಿತ್ತು. ಕಾಗೆಯ ಕಥೆ ಶುರುವಾಯಿತು. ಹೊಟ್ಟೆಬಾಕ ಎಲೆಯ ಮುಂದೆ ಕೂತ, ವಡೆ ಕೈಗೆ ತೆಗೆದುಕೊಂಡ. ಉಸ್ತಾದರ ಕೂಗು ಬರಬೇಕಾದ ಜಾಗ ಬಂತು. ನೆಲದ ಜನ ಸುಮ್ಮನೆ ಕೂತಿದ್ದರು. ಹೆಂಗಸರ ಗೇಟಿನಿಂದ ಹನುಮಕ್ಕ ನನ್ನ ಕ್ಯಾಬಿನ್ನಿನ ಕಡೆ ತಿರುಗಿ ನೋಡುತ್ತಿದ್ದಳು. ನಾನು ಕಾರ್ಬನ್ನಿನ ತಿರುಪು ಬಿಟ್ಟು, ಕಿಂಡಿಯಿಂದ ತಲೆ ಹೊರಗೆ ಹಾಕಿ, ನನ್ನ ಎದೆಯಲ್ಲಿದ್ದಷ್ಟೂ ಜೋರಾಗಿ ಕೂಗಿದೆ.